ಹಳೆ ಪ್ರೊಸೆಸರಿಗೆ ಹೊಸ ಕಾರ್ಡು: ಎತ್ತು-ಕೋಣದ ವಾದಕ್ಕೆ ಪ್ರತ್ಯುತ್ತರ

ಐದಾರು ವರ್ಷ ಹಳೆಯ ಪ್ರೊಸೆಸರ್ ಇರುವ ಕಂಪ್ಯೂಟರಿಗೆ ಇವತ್ತಿನ ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟವಾಡಬಹುದು, ಬಹಳ ಮಂದಿಗೆ ಅದೇ ಸರಿಯಾದ ಖರ್ಚು ಕೂಡ. ಈ ಮಾತನ್ನು ಎಲ್ಲಿ ಆಡಿದರೂ ಎದುರಿಗಿದ್ದವರು ಮೊದಲು ಎಸೆಯುವುದು ಗಾದೆಯನ್ನು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಗಾದೆಯ ಬೆನ್ನಿಗೇ ಬಾಟಲ್‌ನೆಕ್ ಎಂಬ ಪದ ಬರುತ್ತದೆ, ಅದರ ಬೆನ್ನಿಗೆ ಯಾವುದೋ ಗ್ರಾಫ್, ಕೊನೆಗೆ "ಇನ್ನೊಂದಿಷ್ಟು ದುಡ್ಡು ಕೂಡಿಸಿ ಪೂರ್ತಿ ಹೊಸದೇ ಕಟ್ಟಿಸಿ" ಎಂಬ ಬುದ್ಧಿವಾದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಿಂತು ಕೇಳಿದರೂ ಇದೇ, ಹಾಸ್ಟೆಲಿನ ಗೆಳೆಯರನ್ನು ಕೇಳಿದರೂ ಇದೇ. ಈ ಆಕ್ಷೇಪಗಳಲ್ಲಿ ಒಂದೆರಡಕ್ಕೆ ತೂಕವಿದೆ. ಉಳಿದವು ಬಾಯಿಂದ ಬಾಯಿಗೆ ದಾಟುತ್ತಾ ಗಟ್ಟಿಯಾದವು.

ವಾದ ಗಾಳಿಯಲ್ಲಿ ತೇಲದಿರಲೆಂದು ಒಂದು ಯಂತ್ರವನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಎಎಂಡಿಯ ರೈಜನ್ 5 3600, 2019ರ ಜುಲೈನಲ್ಲಿ ಬಂದದ್ದು, ಆರು ಕೋರ್, ಹನ್ನೆರಡು ಥ್ರೆಡ್. ಕೂತಿರುವುದು ಬಿ450 ಮದರ್‌ಬೋರ್ಡಿನ ಮೇಲೆ, ಜೊತೆಗೆ 16 ಜಿಬಿ ಡಿಡಿಆರ್4 ರ‍್ಯಾಮ್. ಇಂಟೆಲ್ ಕಡೆಯವರು ಈ ಜಾಗದಲ್ಲಿ 2020ರ ಕೋರ್ ಐ5-10400 ಇಟ್ಟುಕೊಂಡು ಓದಬಹುದು. ಈಗಿರುವ ಕಾರ್ಡ್ 2016ರ ಜಿಟಿಎಕ್ಸ್ 1060. ಹಾಕಬೇಕೆಂದಿರುವುದು 2025ರ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060 ಟಿಐ, ಯಾವುದಾದರೂ 16 ಜಿಬಿಯದು. ಮಾನಿಟರ್ 1080ಪಿ ಅಥವಾ 1440ಪಿ. ಆಡುವವರಿಗೆ ಬೇಕಿರುವುದು ಸೆಕೆಂಡಿಗೆ 60ರಿಂದ 90 ಫ್ರೇಮ್ ಮತ್ತು ಕಣ್ಣಿಗೆ ಹಿತವಾದ ಚಿತ್ರ. ನಾನು ವಕಾಲತ್ತು ವಹಿಸಿರುವುದು ಇಂಥವರ ಪರವಾಗಿ. 360 ಹರ್ಟ್ಜ್ ಮಾನಿಟರ್ ಇಟ್ಟುಕೊಂಡು ಕೌಂಟರ್-ಸ್ಟ್ರೈಕ್ 2 ಟೂರ್ನಿ ಆಡುವವರು ಮೊದಲು ಪ್ರೊಸೆಸರನ್ನೇ ಕೊಳ್ಳಲಿ. ಅವರ ವಿಷಯದಲ್ಲಿ ನನಗೂ ವಿರೋಧಿಗಳಿಗೂ ಜಗಳವಿಲ್ಲ.

"ಬಾಟಲ್‌ನೆಕ್ ಆಗುತ್ತದೆ" ಎನ್ನುವುದು ಮೊದಲ ಆಕ್ಷೇಪ. ಆಗುತ್ತದೆ. ಆಗದ ಕಂಪ್ಯೂಟರ್ ಯಾವುದಿದೆ? ಒಂದು ಫ್ರೇಮ್ ಹೇಗೆ ತಯಾರಾಗುತ್ತದೆ ನೋಡಿ. ಯಾವ ಪಾತ್ರ ಎಲ್ಲಿ ನಿಂತಿದೆ, ಗುಂಡು ಯಾರಿಗೆ ತಾಗಿತು, ಈ ಕ್ಷಣ ಕ್ಯಾಮೆರಾದ ಕಣ್ಣಿಗೆ ಏನೇನು ಬೀಳುತ್ತದೆ ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಲೆಕ್ಕ ಮುಗಿಸಿ, ಏನೇನು ಬಿಡಿಸಬೇಕೆಂಬ ಆದೇಶಗಳ ಪಟ್ಟಿಯನ್ನು ಅದು ಡ್ರೈವರ್ ಮೂಲಕ ಕಾರ್ಡಿಗೆ ದಾಟಿಸುತ್ತದೆ. ಕಾರ್ಡ್ ಆ ಪಟ್ಟಿ ಹಿಡಿದು ಪಿಕ್ಸೆಲ್‌ಗಳಿಗೆ ಬಣ್ಣ ತುಂಬುತ್ತದೆ. ಕಾರ್ಡ್ ಈ ಫ್ರೇಮಿಗೆ ಬಣ್ಣ ಹಾಕುತ್ತಿರುವಾಗಲೇ ಪ್ರೊಸೆಸರ್ ಮುಂದಿನ ಫ್ರೇಮಿನ ಲೆಕ್ಕ ಶುರುಮಾಡಿರುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಬೇಕೋ ಆಟದ ವೇಗ ಅದರದ್ದು.

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವ ಅವಧಿ 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9. ಒಂದು ಆಟದಲ್ಲಿ ಹಳೆ ಪ್ರೊಸೆಸರಿಗೆ ಒಂದು ಫ್ರೇಮಿನ ಲೆಕ್ಕಕ್ಕೆ 11 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದರಿಂದ ಸಿಗಬಹುದಾದ ಗರಿಷ್ಠ ವೇಗ ಸುಮಾರು 90. 144ರ ಗುರಿ ಇಟ್ಟವನಿಗೆ ಅದು ಬಾಟಲ್‌ನೆಕ್, 75ರ ಗುರಿ ಇಟ್ಟವನಿಗೆ ಇನ್ನೂ ಜಾಗ ಉಳಿದಿದೆ. ಯಂತ್ರ ಅದೇ, ಆಟ ಅದೇ, ತೀರ್ಪು ಬೇರೆ. ಹಾಗಾಗಿ "ಈ ಪ್ರೊಸೆಸರ್ ಆ ಕಾರ್ಡಿಗೆ ಬಾಟಲ್‌ನೆಕ್" ಎಂಬುದು ಅರ್ಧಕ್ಕೆ ನಿಂತ ವಾಕ್ಯ. ಯಾವ ಆಟ, ಎಷ್ಟು ರೆಸಲ್ಯೂಷನ್, ಎಷ್ಟು ಫ್ರೇಮಿನ ಗುರಿ ಎಂಬ ಮೂರನ್ನೂ ಸೇರಿಸಿದಾಗಲೇ ಅದು ಪೂರ್ತಿಯಾಗುವುದು.

ಗಾದೆಗೂ ಇಲ್ಲೇ ಉತ್ತರವಿದೆ. ಎತ್ತು, ಕೋಣ ಒಂದೇ ನೊಗಕ್ಕೆ ಬಿಗಿದ ಪ್ರಾಣಿಗಳು. ಒಂದರ ಹೊರೆಯನ್ನು ಮಾತ್ರ ಬೇರೆ ಮಾಡಿ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಇಲ್ಲಿ ಬರುತ್ತದೆ. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 37 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ರೆಸಲ್ಯೂಷನ್ ಏರಿಸಿದರೆ ಕಾರ್ಡಿನ ಕೆಲಸ ಏರುತ್ತದೆ, ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಟೆಕ್ಸ್ಚರ್, ನೆರಳಿನ ನುಣುಪು, ಆಂಟಿ-ಅಲಿಯಾಸಿಂಗ್ ಇವೂ ಬಹುಪಾಲು ಕಾರ್ಡಿನ ತಲೆಗೇ ಬೀಳುವಂಥವು. ಕಾರ್ಡ್ ಖಾಲಿ ಕೂತಿದೆಯೆಂದು ಕೊರಗುವವರು ಅದಕ್ಕೆ ಕೆಲಸ ಕೊಡಲಿ: ಅದೇ 90 ಫ್ರೇಮಿನಲ್ಲಿ ಚಿತ್ರ ಇನ್ನಷ್ಟು ಚೆನ್ನಾಗುತ್ತದೆ. ಇದನ್ನು "ದಂಡ" ಎನ್ನುವವರಿಗೆ ಚಿತ್ರದ ಗುಣಮಟ್ಟ ಲೆಕ್ಕಕ್ಕೇ ಇಲ್ಲವೇನೋ.

ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು ತುಂಬಿದರೆ ಶೇಕಡಾ ಇಷ್ಟು ಬಾಟಲ್‌ನೆಕ್ ಎಂದು ಹೇಳುವ ಕ್ಯಾಲ್ಕುಲೇಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಯಾವ ಆಟ ಆಡುತ್ತೀರಿ ಎಂದು ಅವು ಕೇಳುವುದೇ ಇಲ್ಲ. ಎಲ್ಡನ್ ರಿಂಗ್ ಸೆಕೆಂಡಿಗೆ 60 ಫ್ರೇಮಿಗೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡ ಆಟ, ಕೌಂಟರ್-ಸ್ಟ್ರೈಕ್ 2 ಕೊಟ್ಟಷ್ಟೂ ನುಂಗುವ ಆಟ. ಎರಡಕ್ಕೂ ಒಂದೇ ಶೇಕಡಾವಾರು ಹೇಳುವ ಯಂತ್ರದಿಂದ ಜಾತಕ ಕೇಳಿದ ಹಾಗಾಯಿತು.

ಎರಡನೆಯದು ಗ್ರಾಫ್. "3600 ಎಲ್ಲಿದೆ, 9800ಎಕ್ಸ್3ಡಿ ಎಲ್ಲಿದೆ, ನೀವೇ ನೋಡಿ." ನೋಡಿದ್ದೇನೆ. ಮೇಲಿನ ಗೆರೆ ಕೆಳಗಿನದಕ್ಕಿಂತ ಎಷ್ಟೋ ಉದ್ದವಿದೆ, ನಿಜ. ಆದರೆ ಆ ಗ್ರಾಫಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಗತಿ ಇರುತ್ತದೆ: ಪರೀಕ್ಷೆಗೆ ಬಳಸಿದ ಕಾರ್ಡ್ ಆರ್‌ಟಿಎಕ್ಸ್ 4090 ಅಥವಾ 5090, ರೆಸಲ್ಯೂಷನ್ 1080ಪಿ. ಪರೀಕ್ಷಕರು ಹಾಗೆ ಮಾಡುವುದು ಸರಿಯೇ. ಪ್ರೊಸೆಸರ್ ಅಳೆಯಬೇಕಾದರೆ ಕಾರ್ಡ್ ಅಡ್ಡ ಬರಬಾರದು, ಅದಕ್ಕೆ ಸಿಗುವುದರಲ್ಲೇ ಬಲಿಷ್ಠವಾದ ಕಾರ್ಡು, ಹಗುರವಾದ ಪರದೆ. ಕಾರ್ಡ್ ಅಳೆಯಬೇಕಾದಾಗ ತಿರುಗಾಮುರುಗಾ: ಸಿಗುವುದರಲ್ಲೇ ವೇಗದ ಪ್ರೊಸೆಸರ್. ಎರಡೂ ಪ್ರಾಮಾಣಿಕ ಪರೀಕ್ಷೆಗಳೇ. ಆದರೆ 5090 ಕೊಳ್ಳುವ ಯೋಚನೆಯೇ ಇಲ್ಲದವನಿಗೆ, 5090 ಜೊತೆಗೆ ಅವನ ಪ್ರೊಸೆಸರ್ ಎಷ್ಟು ಹಿಂದೆ ಬೀಳುತ್ತದೆ ಎಂಬ ಸುದ್ದಿಯಿಂದ ಏನಾಗಬೇಕು?

ಈ ಗ್ರಾಫ್‌ಗಳನ್ನು ಓದುವ ಸರಿಯಾದ ಕ್ರಮ ಬೇರೆ ಇದೆ, ಮತ್ತು ಅದು ಸುಲಭ. ನೀವು ಆಡುವ ಆಟವನ್ನೇ ಆರಿಸಿ. ಪ್ರೊಸೆಸರ್ ಪರೀಕ್ಷೆಯ ಗ್ರಾಫಿನಲ್ಲಿ ನಿಮ್ಮ ಪ್ರೊಸೆಸರಿನ ಸಂಖ್ಯೆ ಬರೆದುಕೊಳ್ಳಿ. ಕಾರ್ಡ್ ಪರೀಕ್ಷೆಯ ಗ್ರಾಫಿನಲ್ಲಿ ನಿಮ್ಮ ರೆಸಲ್ಯೂಷನ್ನಿಗೆ ನೀವು ಕೊಳ್ಳಬೇಕೆಂದಿರುವ ಕಾರ್ಡಿನ ಸಂಖ್ಯೆ ಬರೆದುಕೊಳ್ಳಿ. ಎರಡರಲ್ಲಿ ಚಿಕ್ಕದು ಯಾವುದೋ ಸುಮಾರಾಗಿ ಅದೇ ನಿಮ್ಮ ಪಾಲಿನದು. ಇಷ್ಟು ಮಾಡಿದ ಮೇಲೂ ಪ್ರೊಸೆಸರಿನ ಸಂಖ್ಯೆಯೇ ಚಿಕ್ಕದಾಗಿ, ಅದು ನಿಮ್ಮ ಗುರಿಗಿಂತ ಕೆಳಗೆ ಬಂದರೆ ನಾನೇ ಬೇಡವೆನ್ನುತ್ತೇನೆ. ವಿರೋಧಿಗಳು ಒಂದೇ ಗ್ರಾಫ್ ಹಿಡಿದು ಬರುತ್ತಾರೆ, ನನ್ನ ತಕರಾರು ಅಷ್ಟಕ್ಕೇ.

"ತಿಳಿದವರು ಯಾರೂ ಹೀಗೆ ಜೋಡಿಸುವುದಿಲ್ಲ" ಎನ್ನುವವರಿದ್ದಾರೆ. ಸೋನಿ ಜೋಡಿಸಿದೆ. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5ರ ಒಳಗಿರುವುದು ಎಎಂಡಿಯ ಝೆನ್ 2 ವಿನ್ಯಾಸದ ಎಂಟು ಕೋರಿನ ಪ್ರೊಸೆಸರ್. ನಮ್ಮ ರೈಜನ್ 3600 ಕೂಡ ಅದೇ ಝೆನ್ 2 ವಂಶದ್ದು. ನಾಲ್ಕು ವರ್ಷ ಬಿಟ್ಟು 2024ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಪ್ರೊ ಬಂತು. ಗ್ರಾಫಿಕ್ಸ್ ಭಾಗದ ಕಂಪ್ಯೂಟ್ ಯೂನಿಟ್‌ಗಳನ್ನು ಸೋನಿ ಶೇಕಡಾ 67ರಷ್ಟು ಹೆಚ್ಚಿಸಿತು, ರೇ ಟ್ರೇಸಿಂಗ್ ಬಲಪಡಿಸಿತು, ಮೆಮೊರಿಯ ವೇಗ ಹೆಚ್ಚಿಸಿತು. ಪ್ರೊಸೆಸರ್ ಮಾತ್ರ ಅದೇ ಝೆನ್ 2. ಗಡಿಯಾರದ ವೇಗವನ್ನು ಶೇಕಡಾ ಹತ್ತರಷ್ಟು ಏರಿಸಿಕೊಳ್ಳುವ ಅವಕಾಶವೊಂದನ್ನು ಕೊಟ್ಟು ಸುಮ್ಮನಾಯಿತು. ತನ್ನ ಅತಿ ದುಬಾರಿ ಕನ್ಸೋಲಿನಲ್ಲಿ ಹಳೆ ಪ್ರೊಸೆಸರಿಗೆ ಹೊಸ ಗ್ರಾಫಿಕ್ಸ್ ಕೂಡಿಸಿದ ಕಂಪನಿಗೆ ಎತ್ತು-ಕೋಣದ ಗಾದೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಈ ಉದಾಹರಣೆಯನ್ನು ಅದರ ಶಕ್ತಿ ಮೀರಿ ಎಳೆಯುವುದಿಲ್ಲ. ಕನ್ಸೋಲಿನಲ್ಲಿ ಕೋರ್‌ಗಳು ಎಂಟು, 3600ರಲ್ಲಿ ಆರು. ಕನ್ಸೋಲಿನ ಆಟ ಒಂದೇ ಯಂತ್ರಕ್ಕೆಂದು ಹದಗೊಳಿಸಿದ್ದು. ವಿಂಡೋಸಿನಲ್ಲಿ ಡ್ರೈವರ್, ಹಿನ್ನೆಲೆಯ ಹತ್ತಾರು ಪ್ರೋಗ್ರಾಮುಗಳ ಗೊಂದಲ ಎಲ್ಲ ಸೇರಿ ಪ್ರೊಸೆಸರಿನ ಹೊರೆ ಹೆಚ್ಚು. ಆದರೂ ಒಂದು ಸಂಗತಿ ನಿಲ್ಲುತ್ತದೆ. ದೊಡ್ಡ ಆಟಗಳನ್ನು ಮಾಡುವವರು ಇವತ್ತಿಗೂ ಝೆನ್ 2 ಪ್ರೊಸೆಸರಿನ ಮೇಲೆ ಆಟ ಓಡಲೇಬೇಕು ಎಂಬ ಷರತ್ತಿನ ಒಳಗೆ ಕೆಲಸ ಮಾಡುತ್ತಿದ್ದಾರೆ. ಆ ಷರತ್ತು ಇರುವವರೆಗೆ 3600 ಏಕಾಏಕಿ ಗುಜರಿಗೆ ಹೋಗುವುದಿಲ್ಲ.

ಇನ್ನು ವಿರೋಧಿಗಳ ಕೈಲಿರುವ ಅತ್ಯಂತ ಗಟ್ಟಿ ಸಾಕ್ಷ್ಯಕ್ಕೆ ಬರೋಣ: ಇಂಟೆಲ್ ಆರ್ಕ್ ಬಿ580. 2024ರ ಡಿಸೆಂಬರಿನಲ್ಲಿ 249 ಡಾಲರಿಗೆ, 12 ಜಿಬಿ ಮೆಮೊರಿಯೊಂದಿಗೆ ಬಂದ ಈ ಕಾರ್ಡ್ ಬಡವರ ಬಂಧು ಎಂದು ಹೊಗಳಿಸಿಕೊಂಡಿತು. ಮೊದಲ ಪರೀಕ್ಷೆಗಳೆಲ್ಲ ಅತಿವೇಗದ ಪ್ರೊಸೆಸರಿನೊಂದಿಗೆ ನಡೆದಿದ್ದವು, ಅಲ್ಲಿ ಅದು ಆರ್‌ಟಿಎಕ್ಸ್ 4060ನ್ನು ಹಿಂದಿಕ್ಕಿತ್ತು. 2025ರ ಜನವರಿಯಲ್ಲಿ ಹಾರ್ಡ್‌ವೇರ್ ಕನಕ್ಸ್ ಮತ್ತು ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಪರೀಕ್ಷಕರು ಅದೇ ಕಾರ್ಡನ್ನು ಹಳೆ ರೈಜನ್‌ಗಳ ಜೊತೆ ಇಟ್ಟು ನೋಡಿದಾಗ ಕೆಲವು ಆಟಗಳಲ್ಲಿ ವೇಗ ಧಡಾರನೆ ಬಿತ್ತು. 2600, 3600 ಹಾಗಿರಲಿ, 2022ರ ರೈಜನ್ 5 5600 ಜೊತೆಗೂ ಬಿತ್ತು. ಅದೇ ಪ್ರೊಸೆಸರಿನ ಮೇಲೆ 4060 ಅಷ್ಟು ಬೀಳಲಿಲ್ಲ. ಕೊಳ್ಳುವವರೋ ಹೆಚ್ಚಾಗಿ ಹಳೆ ಪ್ರೊಸೆಸರ್ ಇದ್ದವರೇ. ಹಾಗಾಗಿ ಸಿಟ್ಟು ಸಹಜವಾಗಿತ್ತು.

ಈ ಸಾಕ್ಷ್ಯವನ್ನು ನಾನು ಒಪ್ಪುತ್ತೇನೆ. ಒಪ್ಪಿಕೊಂಡೇ ಕೇಳುತ್ತೇನೆ: ಇದು ಯಾರ ಮೇಲಿನ ಸಾಕ್ಷ್ಯ? ಅದೇ 3600 ಮೇಲೆ ಅದೇ ದರ್ಜೆಯ ಇನ್ನೊಂದು ಕಂಪನಿಯ ಕಾರ್ಡ್ ಹಾಕಿದಾಗ ಅಷ್ಟು ನಷ್ಟವಾಗದಿದ್ದರೆ ದೋಷ ಪ್ರೊಸೆಸರಿನ ವಯಸ್ಸಿನದಾಗಲು ಸಾಧ್ಯವಿಲ್ಲ. ಆಟದ ಆದೇಶಗಳನ್ನು ಕಾರ್ಡಿಗೆ ತಲುಪಿಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಕೂಡ ಪ್ರೊಸೆಸರಿನ ಹೊತ್ತನ್ನೇ ತಿನ್ನುತ್ತದೆ, ಇಂಟೆಲ್ಲಿನದು ಹೆಚ್ಚು ತಿನ್ನುತ್ತಿತ್ತು. ಇದು ಇಂಟೆಲ್ ಒಂದರದೇ ರೋಗವೂ ಅಲ್ಲ. 2021ರಲ್ಲಿ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಇನ್ನೊಂದು ಪರೀಕ್ಷೆ ಮಾಡಿತ್ತು: ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ, ಹಳೆ ಪ್ರೊಸೆಸರಿನ ಜೊತೆ ಎನ್ವಿಡಿಯಾದ ಬಲಿಷ್ಠ ಕಾರ್ಡುಗಳು ಎಎಂಡಿಯ ಕೆಳದರ್ಜೆಯ ಕಾರ್ಡುಗಳಿಗಿಂತ ಹಿಂದೆ ಬಿದ್ದ ಪ್ರಸಂಗಗಳು ಅಲ್ಲಿ ಸಿಕ್ಕವು. ಇದರಿಂದ ಬರುವ ಬುದ್ಧಿ "ಹಳೆ ಪ್ರೊಸೆಸರಿಗೆ ಯಾವ ಹೊಸ ಕಾರ್ಡೂ ಬೇಡ" ಎಂಬುದಾಗಲಾರದು. ಹಳೆ ಪ್ರೊಸೆಸರ್ ಇದ್ದವನು ಯಾವ ಕಂಪನಿಯ ಕಾರ್ಡ್ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆರ್ಕ್ ಸಾಲಿನವನ್ನು ಪಕ್ಕಕ್ಕಿಡಬೇಕು, ಎಎಂಡಿಗೆ ಒಂದು ಅಂಕ ಹೆಚ್ಚು ಕೊಡಬೇಕು ಎಂಬುದು. ಆರ್ಕ್ ಕಾರ್ಡುಗಳಿಗೆ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬಯಾಸಿನಲ್ಲಿ ಇರಲೇಬೇಕು ಎಂಬುದೂ ಹಳೆ ಬೋರ್ಡಿನವರಿಗೆ ಇನ್ನೊಂದು ಕಾಟ.

ಮುಂದಿನದು ಸ್ಟಟರ್. "ಸರಾಸರಿ ಫ್ರೇಮ್ ಚೆನ್ನಾಗಿಯೇ ಬರಬಹುದು, ಆದರೆ ನಡುನಡುವೆ ಕುಕ್ಕುತ್ತದೆ" ಎನ್ನುತ್ತಾರೆ. ಎಲ್ಲಕ್ಕಿಂತ ವಿವೇಕದ ಆಕ್ಷೇಪ ಇದು, ಇದನ್ನು ಎತ್ತುವವರು ನಿಜವಾಗಿ ಆಡಿದವರೇ ಇರುತ್ತಾರೆ. ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ನಗರ, ಡ್ರ್ಯಾಗನ್ಸ್ ಡಾಗ್ಮಾ 2ರ ಊರುಗಳು ಹಳೆ ಪ್ರೊಸೆಸರಿನ ಬೆವರನ್ನು ನಿಜಕ್ಕೂ ಇಳಿಸುತ್ತವೆ. ಜನಸಂದಣಿಯ ಪ್ರತಿಯೊಬ್ಬನ ಚಲನವಲನದ ಲೆಕ್ಕ ಪ್ರೊಸೆಸರಿನ ತಲೆ ಮೇಲೆ. ಕಾಡಿನಲ್ಲಿ 90 ಇದ್ದ ಫ್ರೇಮ್ ಪೇಟೆ ಬೀದಿಗೆ ಬಂದ ಕೂಡಲೇ ಅದರ ಅರ್ಧದ ಹತ್ತಿರ ಇಳಿಯಬಹುದು, ಯಾವ ಕಾರ್ಡೂ ಅದನ್ನು ಎತ್ತಲಾರದು.

ಆದರೆ ಸ್ಟಟರಿನಲ್ಲಿ ಜಾತಿಗಳಿವೆ, ವಿರೋಧಿಗಳು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಶೇಡರ್ ಕಂಪೈಲ್ ಆಗುವಾಗಿನ ಕುಕ್ಕು, ಅನ್‌ರಿಯಲ್ ಎಂಜಿನ್ನಿನ ಎಷ್ಟೋ ಆಟಗಳಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗ ಬರುವ ಕುಕ್ಕು ಇವು ಅತಿ ದುಬಾರಿ ಹೊಸ ಯಂತ್ರದಲ್ಲೂ ಬರುತ್ತವೆ. ಮೆಮೊರಿ ಸಾಲದೆ ಬರುವ ಕುಕ್ಕು 8 ಜಿಬಿ ಕಾರ್ಡಿನ ಪಾಪ. ಇನ್ನೊಂದು ಜಾತಿಯಂತೂ ನಮ್ಮ ಕಡೆ ಮಾಮೂಲು: ದುಡ್ಡು ಉಳಿಸಲು ಎರಡರ ಬದಲು ಒಂದೇ ರ‍್ಯಾಮ್ ಕಡ್ಡಿ ಹಾಕಿರುತ್ತಾರೆ, ಅಥವಾ 3200ರ ರ‍್ಯಾಮ್ ಕೊಂಡು ಬಯಾಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡದೆ ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಆ ರ‍್ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರುತ್ತದೆ. ರೈಜನ್ 3000 ಸಾಲಿನ ಪ್ರೊಸೆಸರುಗಳ ಒಳಗಿನ ಸಂಪರ್ಕಜಾಲದ ವೇಗ ರ‍್ಯಾಮಿನ ವೇಗಕ್ಕೇ ಹೊಂದಿಕೊಂಡಿರುವುದರಿಂದ ಇದರ ಪೆಟ್ಟು ದುಪ್ಪಟ್ಟು. ಹೀಗೆ ಕೈಕಾಲು ಕಟ್ಟಿದ 3600ನ್ನು ಓಡಿಸಿ ನೋಡಿ "ಪ್ರೊಸೆಸರ್ ಸತ್ತಿದೆ" ಎಂದು ತೀರ್ಪು ಕೊಟ್ಟವರು ಎಷ್ಟು ಮಂದಿಯೋ. ಎರಡನೆಯ ಕಡ್ಡಿ, ಬಯಾಸಿನಲ್ಲಿ ಒಂದು ಆಯ್ಕೆ: ಇವೆರಡು ಆದ ಮೇಲೆ ಮಾತಾಡೋಣ.

ಉಳಿದ ನಿಜವಾದ ಪ್ರೊಸೆಸರ್ ಸ್ಟಟರಿಗೂ ಮದ್ದಿದೆ. ಫ್ರೇಮ್ 70ಕ್ಕೂ 110ಕ್ಕೂ ನಡುವೆ ಹೊಯ್ದಾಡುತ್ತಿದ್ದರೆ 70ಕ್ಕೆ ಮಿತಿ ಹಾಕಿ. ರಿವಾಟ್ಯೂನರಿನಲ್ಲೋ ಡ್ರೈವರಿನಲ್ಲೋ ಅರೆ ನಿಮಿಷದ ಕೆಲಸ. ಕಣ್ಣಿಗೆ ಬೇಕಾಗಿರುವುದು ಸಮನಾದ ಅಂತರ. ಏರಿಳಿಯುವ ನೂರಕ್ಕಿಂತ ಸ್ಥಿರವಾದ ಎಪ್ಪತ್ತು ನುಣ್ಣಗೆ ಕಾಣುತ್ತದೆ. ಜನಸಂದಣಿ, ದೂರದ ನೋಟ ಎಂಬ ಸೆಟ್ಟಿಂಗುಗಳು ಪ್ರೊಸೆಸರಿನ ಮೇಲೆ ಬೀಳುವಂಥವು, ಅವನ್ನು ಒಂದು ಮೆಟ್ಟಿಲು ಇಳಿಸಿ. ಟೆಕ್ಸ್ಚರ್ ಇಳಿಸಬೇಡಿ, ಅದರಿಂದ ಪ್ರೊಸೆಸರಿಗೆ ಏನೂ ಉಪಕಾರವಿಲ್ಲ.

ಒಂದು ಗೆರೆಯನ್ನು ಮಾತ್ರ ನಾನೇ ಎಳೆಯುತ್ತೇನೆ. ನಾಲ್ಕು ಕೋರ್, ನಾಲ್ಕೇ ಥ್ರೆಡ್ಡಿನ ಹಳೆಯ ಐ5ಗಳು, 2017ರ ಐ5-7400ರಂಥವು, ಇವತ್ತಿನ ದೊಡ್ಡ ಆಟಗಳಿಗೆ ಸಾಲವು. ಅಲ್ಲಿ ಬರುವ ಕುಕ್ಕು ಸೆಟ್ಟಿಂಗಿಗೆ ಬಗ್ಗುವುದಿಲ್ಲ. ಅಂಥ ಯಂತ್ರಕ್ಕೆ ಹೊಸ ಕಾರ್ಡ್ ಹಾಕಬೇಡಿ ಎಂದು ವಿರೋಧಿಗಳು ಹೇಳಿದರೆ ಅವರ ಪಕ್ಕದಲ್ಲೇ ನಿಲ್ಲುತ್ತೇನೆ.

"ಹಳೆ ಬೋರ್ಡಿನ ಸ್ಲಾಟ್ ನಿಧಾನ" ಎಂಬುದು ಅರ್ಧ ನಿಜ. ಬಿ450ರದು ಪಿಸಿಐಇ 3.0. ಹದಿನಾರು ಲೇನ್ ಇದ್ದರೆ ಅದರ ಸಾಮರ್ಥ್ಯ ಸೆಕೆಂಡಿಗೆ ಸುಮಾರು 16 ಜಿಬಿ, ಎಂಟು ಲೇನ್ ಆದರೆ ಸುಮಾರು 8. ಆರ್‌ಟಿಎಕ್ಸ್ 5060 ಟಿಐ ಬಳಸುವುದು ಎಂಟೇ ಲೇನ್, ಆರ್‌ಎಕ್ಸ್ 9060 ಎಕ್ಸ್‌ಟಿ ಹದಿನಾರನ್ನೂ ಬಳಸುತ್ತದೆ. ಬೇಕಾದ ಟೆಕ್ಸ್ಚರ್‌ಗಳೆಲ್ಲ ಕಾರ್ಡಿನ ಸ್ವಂತ ಮೆಮೊರಿಯಲ್ಲೇ ಹಿಡಿಸಿದರೆ ಸ್ಲಾಟಿನ ಮೇಲೆ ಓಡಾಟ ಕಡಿಮೆ, ನಷ್ಟವೂ ಅಲ್ಪ. ಹಿಡಿಸದೆ ಚೆಲ್ಲಿದಾಗ ಕಂಪ್ಯೂಟರಿನ ರ‍್ಯಾಮಿಗೆ ಓಡಬೇಕು, ಆಗ ಈ ಕಿರಿದಾದ ದಾರಿ ಕುತ್ತಿಗೆ ಹಿಸುಕುತ್ತದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಇದರ ಕುಖ್ಯಾತ ಉದಾಹರಣೆ: ನಾಲ್ಕು ಜಿಬಿ ಮೆಮೊರಿ, ನಾಲ್ಕೇ ಲೇನ್, ಹಳೆ ಬೋರ್ಡಿನಲ್ಲಿ ಅದರ ಪಾಡು ನಾಯಿಪಾಡು. ಹಾಗಾಗಿಯೇ ಮೊದಲಿಗೇ 16 ಜಿಬಿಯದು ಎಂದು ಹೇಳಿದ್ದು. 8 ಜಿಬಿ ಮತ್ತು ಎಂಟು ಲೇನ್, ಜೊತೆಗೆ ಹಳೆ ಬೋರ್ಡ್: ಈ ಮೂರೂ ಒಟ್ಟಿಗೆ ಸೇರಬಾರದು.

ಈಗ ನನ್ನ ಪಕ್ಷದವರ ಕಡೆ ಸ್ವಲ್ಪ ತಿರುಗಬೇಕು. "ಪ್ರೊಸೆಸರ್ ಯಾವುದಾದರೇನು, ಡಿಎಲ್‌ಎಸ್‌ಎಸ್ ಇದೆಯಲ್ಲ, ಫ್ರೇಮ್ ಜನರೇಷನ್ ಇದೆಯಲ್ಲ" ಎಂದು ಹಾರಾಡುವವರು ನನ್ನ ವಾದಕ್ಕೆ ವಿರೋಧಿಗಳಿಗಿಂತ ಹೆಚ್ಚು ಹಾನಿ ಮಾಡುತ್ತಾರೆ. ಡಿಎಲ್‌ಎಸ್‌ಎಸ್‌ನಂಥ ಅಪ್‌ಸ್ಕೇಲಿಂಗ್, ಅಂದರೆ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಪರದೆಯಷ್ಟಕ್ಕೆ ಹಿಗ್ಗಿಸುವ ತಂತ್ರ, ಕಾರ್ಡಿನ ಹೊರೆ ಇಳಿಸುತ್ತದೆ. 1440ಪಿಯಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿ ಎಂದರೆ ಒಳಗೆ ಚಿತ್ರ ಬಿಡಿಸುವುದು 960 ಸಾಲಿನಲ್ಲಿ. ಕಾರ್ಡ್ ಹಗುರಾದಷ್ಟೂ ಆಟ ಪ್ರೊಸೆಸರಿನ ಮಿತಿಗೆ ಹತ್ತಿರವಾಗುತ್ತದೆ, ಅದನ್ನು ಎತ್ತುವ ಶಕ್ತಿ ಅಪ್‌ಸ್ಕೇಲಿಂಗಿಗಿಲ್ಲ. ರೇ ಟ್ರೇಸಿಂಗ್ ಕಾರ್ಡಿನ ಕೆಲಸ ಮಾತ್ರ ಎಂದುಕೊಳ್ಳುವುದೂ ಭ್ರಮೆ. ದೃಶ್ಯದಲ್ಲಿ ವಸ್ತುಗಳು ಚಲಿಸಿದಂತೆಲ್ಲ ಕಿರಣಗಳ ಲೆಕ್ಕಕ್ಕೆ ಬೇಕಾದ ರಚನೆಯನ್ನು ಹೊಸದು ಮಾಡುತ್ತಿರಬೇಕು, ಅದರ ಸಿದ್ಧತೆಯ ಪಾಲು ಪ್ರೊಸೆಸರಿಗೂ ಬೀಳುತ್ತದೆ. ಸ್ಪೈಡರ್‌ಮ್ಯಾನ್ ರೀಮಾಸ್ಟರ್ಡ್‌ನಲ್ಲಿ ರೇ ಟ್ರೇಸಿಂಗ್ ಹಾಕಿ ಊರ ಮೇಲೆ ಜೋಲಾಡಿದವರಿಗೆ ಇದು ಗೊತ್ತು.

ಫ್ರೇಮ್ ಜನರೇಷನ್ ಮಾತ್ರ ಬೇರೆ ಸಂಗತಿ. ಅದು ಎರಡು ಫ್ರೇಮುಗಳ ನಡುವೆ ತಾನೇ ಒಂದನ್ನು ಸೃಷ್ಟಿಸಿ ಸೇರಿಸುತ್ತದೆ, ಪ್ರೊಸೆಸರನ್ನು ಕೇಳುವುದೇ ಇಲ್ಲ. ಹಳೆ ಪ್ರೊಸೆಸರಿಗೆ ವರದಾನದಂತೆ ಕಾಣುತ್ತದೆ. ಮೂಲದಲ್ಲಿ 60-70 ಇದ್ದರೆ ನಿಜಕ್ಕೂ ಚೆನ್ನ. ಮೂಲದಲ್ಲೇ 35 ಇದ್ದರೆ, ಕಣ್ಣಿಗೆ 70 ಕಂಡರೂ ಕೈಗೆ 35ಕ್ಕಿಂತ ನಿಧಾನ. ಒತ್ತಿದ ಗುಂಡಿಗೆ ಉತ್ತರ ಬೇಗ ಬರುವುದಿಲ್ಲ.

ಕೊನೆಯ ದೊಡ್ಡ ಆಕ್ಷೇಪ ಹಣದ್ದು. "ಪೂರ್ತಿ ಹೊಸದೇ ಕಟ್ಟಿಸಿ." ಹೇಳುವುದು ಸುಲಭ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿಗೆ ಹೋಗಬೇಕಾದರೆ ಪ್ರೊಸೆಸರ್ ಜೊತೆಗೆ ಬೋರ್ಡೂ ಹೊಸದು, ರ‍್ಯಾಮೂ ಹೊಸದು, ಏಕೆಂದರೆ ಅದು ಡಿಡಿಆರ್5 ಬಿಟ್ಟು ಬೇರೆ ಒಪ್ಪುವುದಿಲ್ಲ. ಆ ರ‍್ಯಾಮಿನ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಹೇಗೆ ಏರಿತು ಎಂಬುದು ಕೊಳ್ಳಲು ಹೋದವರಿಗೆಲ್ಲ ಗೊತ್ತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು. ಇಂಥ ಹೊತ್ತಿನಲ್ಲಿ, ಕೈಲಿರುವ 16 ಜಿಬಿ ಡಿಡಿಆರ್4 ಮೂಲೆಗೆಸೆದು ಹೊಸದಕ್ಕೆ ದುಡ್ಡು ಸುರಿಯಿರಿ ಎನ್ನುವ ಸಲಹೆ ಅಂಗಡಿಗೆ ಹಿತ, ಕೊಳ್ಳುವವನಿಗೆ ಅಲ್ಲ. ಆ ಖರ್ಚೆಲ್ಲ ಮಾಡಿಯೂ ಹಳೆಯ ಜಿಟಿಎಕ್ಸ್ 1060 ಅಲ್ಲೇ ಕೂತಿದ್ದರೆ, 1440ಪಿಯಲ್ಲಿ ಆಟದ ಫ್ರೇಮ್ ಹೆಚ್ಚುಕಡಿಮೆ ಹಿಂದಿನಷ್ಟೇ.

ಎರಡು ಹಳೆಯ ಭಾಗಗಳ ನಡುವೆ ಇನ್ನೊಂದು ಅಸಮಾನತೆ ಇದೆ, ವಿರೋಧಿಗಳು ಅದನ್ನು ಗಮನಿಸಿದಂತೆ ಕಾಣೆ. ಹಳೆ ಪ್ರೊಸೆಸರ್ ಆಟವನ್ನು ನಿಧಾನ ಮಾಡುತ್ತದೆ, ಹಳೆ ಕಾರ್ಡ್ ಬಾಗಿಲಲ್ಲೇ ತಡೆಯುತ್ತದೆ. 2024ರ ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡಕ್ಕೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರುವ ಕಾರ್ಡೇ ಬೇಕು. 1060ನಂಥ ಪಾಸ್ಕಲ್ ಸಾಲಿನ ಕಾರ್ಡುಗಳಿಗೆ ಎನ್ವಿಡಿಯಾ ಹೊಸ ಆಟಗಳ ಗೇಮ್ ರೆಡಿ ಡ್ರೈವರುಗಳನ್ನು 2025ರ ಅಕ್ಟೋಬರಿಗೆ ನಿಲ್ಲಿಸಿತು, ಉಳಿದಿರುವುದು ಸುರಕ್ಷತೆಯ ಪರಿಷ್ಕರಣೆ ಮಾತ್ರ. ಎರಡರಲ್ಲಿ ಒಂದನ್ನೇ ಬದಲಿಸುವಷ್ಟು ದುಡ್ಡಿದ್ದರೆ ಯಾವುದನ್ನು ಬದಲಿಸಬೇಕೆಂಬುದಕ್ಕೆ ಬೇರೆ ಪಂಚಾಯಿತಿ ಬೇಕೆ? ಹೊಸ ಕಾರ್ಡ್ ಕಳೆದೂ ಹೋಗುವುದಿಲ್ಲ. ಮುಂದೆ ಯಂತ್ರ ಬದಲಿಸುವಾಗ ಬಿಚ್ಚಿ ಅದರಲ್ಲಿ ಕೂರಿಸಬಹುದು. ಅಷ್ಟರೊಳಗೆ ಪ್ರೊಸೆಸರ್ ಸಾಲದೆನಿಸಿದರೆ, ಬಯಾಸ್ ಅಪ್‌ಡೇಟ್ ಮಾಡಿ ಅದೇ ಬಿ450 ಬೋರ್ಡಿಗೆ ರೈಜನ್ 5 5600 ಅಥವಾ ಎಂಟು ಕೋರಿನ 5700ಎಕ್ಸ್ ಹಾಕಬಹುದು. 96 ಎಂಬಿ ಕ್ಯಾಶೆಯ 5800ಎಕ್ಸ್3ಡಿ, 5700ಎಕ್ಸ್3ಡಿ ಎಲ್ಲಾದರೂ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಇನ್ನೂ ಉತ್ತಮ, ಆಟಗಳಿಗೆ ಅವು ಇವತ್ತಿಗೂ ಚೆನ್ನಾಗಿವೆ. ಐ5-10400 ಇದ್ದವರಿಗೆ ಈ ಸೌಕರ್ಯ ಅಷ್ಟಿಲ್ಲ ಎಂಬುದನ್ನು ಒಪ್ಪಬೇಕು.

ಚಿಲ್ಲರೆ ಆಕ್ಷೇಪಗಳು ಇನ್ನೆರಡು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ, ಆದರೆ 3600, 10400 ಎರಡೂ ವಿಂಡೋಸ್ 11ರ ಪಟ್ಟಿಯಲ್ಲಿವೆ. ಬಯಾಸಿನಲ್ಲಿ ಟಿಪಿಎಂ ಆನ್ ಮಾಡಿದರಾಯಿತು. ಪವರ್ ಸಪ್ಲೈ ಬಗ್ಗೆ ಎಚ್ಚರಿಸುವವರ ಮಾತನ್ನು ಮಾತ್ರ ಕಿವಿಗೊಟ್ಟು ಕೇಳಿ. 5060 ಟಿಐಗೆ 180 ವ್ಯಾಟ್ ಬೇಕು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ, ಮೈಮೇಲೆ 500 ವ್ಯಾಟ್ ಎಂದು ಬರೆದುಕೊಂಡ ಡಬ್ಬಿಯನ್ನು ನಂಬಿ ಹೊಸ ಕಾರ್ಡ್ ಹಾಕಬೇಡಿ. ಕರೆಂಟು ಹೋಗಿಬರುವ ಊರಿನವರು ತಮ್ಮ 600 ವಿಎ ಯುಪಿಎಸ್ ಈ ಹೊಸ ಹೊರೆ ತಡೆಯುತ್ತದೆಯೇ ಎಂದೂ ನೋಡಿಕೊಳ್ಳಲಿ.

ಇಷ್ಟಾದ ಮೇಲೂ ನನ್ನ ಮಾತು, ವಿರೋಧಿಗಳ ಮಾತು ಎರಡನ್ನೂ ನಂಬಬೇಕಾಗಿಲ್ಲ. ಕಾಸು ಖರ್ಚಿಲ್ಲದ ಪರೀಕ್ಷೆ ನಿಮ್ಮ ಕೋಣೆಯಲ್ಲೇ ಸಾಧ್ಯ. ನೀವು ಹೆಚ್ಚು ಆಡುವ ಆಟವನ್ನು ತೆರೆಯಿರಿ, ಅದರಲ್ಲಿ ಅತಿ ಗಿಜಿಗಿಜಿಯಾದ ಜಾಗಕ್ಕೆ ಹೋಗಿ. ಜನಸಂದಣಿ, ದೂರದ ನೋಟ ಇವನ್ನು ಮುಂದೆ ಹೇಗೆ ಇಟ್ಟುಕೊಳ್ಳುವಿರೋ ಹಾಗೆ ಇಡಿ. ರೆಸಲ್ಯೂಷನ್ ಮಾತ್ರ 720ಪಿಗೆ, ಸಾಧ್ಯವಾದರೆ ಅದಕ್ಕೂ ಕೆಳಗೆ ಇಳಿಸಿ. ಎಂಎಸ್‌ಐ ಆಫ್ಟರ್‌ಬರ್ನರಿನಲ್ಲಿ ಕಾರ್ಡಿನ ಬಳಕೆ ನೋಡುತ್ತಿರಿ: ಅದು ಶೇಕಡಾ 95ರ ಕೆಳಗೆ ಚೆನ್ನಾಗಿ ಇಳಿಯಿತೆಂದರೆ ಈಗ ಕಾಣುತ್ತಿರುವ ಫ್ರೇಮ್ ಸಂಖ್ಯೆ ನಿಮ್ಮ ಪ್ರೊಸೆಸರಿನ ಮಿತಿ. ಪ್ರೊಸೆಸರಿನ ಒಟ್ಟು ಬಳಕೆ ಶೇಕಡಾ 40 ಎಂದು ತೋರಿಸಿದರೆ ಮೋಸ ಹೋಗಬೇಡಿ, ಆಟದ ಮುಖ್ಯ ಥ್ರೆಡ್ ಒಂದೇ ಕೋರಿನಲ್ಲಿ ಉಸಿರುಗಟ್ಟಿ ಕೂತಿರಬಹುದು. ಹೊಸ ಕಾರ್ಡ್ ಆ ಮಿತಿಯನ್ನು ದಾಟಿಸುವುದಿಲ್ಲ, ರೇ ಟ್ರೇಸಿಂಗ್ ಹಾಕಿದರೆ ಅದು ಇನ್ನಷ್ಟು ಇಳಿಯುತ್ತದೆ. ಸಂಖ್ಯೆ 45 ಬಂದರೆ ಕಾರ್ಡಿನ ದುಡ್ಡನ್ನು ಪ್ರೊಸೆಸರಿಗೆ ಹಾಕಿ. 85 ಬಂದು, ನಿಮ್ಮ ಮಾನಿಟರ್ 75 ಹರ್ಟ್ಜಿನದಾಗಿದ್ದರೆ, ಕಾರ್ಡ್ ತಂದು ಹಾಕಿ ಆಟ ಶುರುಮಾಡಿ.